ಕಾಗೆ ಯಾರ ಮಾತಿಗೆ ಇಳಿಯಿತು

ನನ್ನ ಹೆಂಡತಿ ನರ್ಮದೆ ತೀರಿಕೊಂಡ ಸುದ್ದಿ ಧಾರವಾಡದಲ್ಲಿರುವ ಅವಳ ತಂಗಿಗಿಂತ ಮೊದಲು, ಪುಣೆಯ ಕೋಥರೂಡದಲ್ಲೇ ನಮ್ಮಿಂದ ಎರಡು ಓಣಿ ಆಚೆಗಿರುವ ಮಗಳು ಮಂಜರಿಗಿಂತಲೂ ಮೊದಲು, ನಾನು ಎಂದೂ ಮುಖ ನೋಡದ ನಾಲ್ಕು ಜನರಿಗೆ ತಿಳಿಯಿತು. ಆಗ ಅವರು ಒಂದು ಕೋಟೆಯ ಮುಂದೆ ನಿಂತು ಜಗಳಾಡುತ್ತಿದ್ದರು.

ಕೋಟೆ ಎಂದರೆ ಕಲ್ಲಿನದಲ್ಲ, ನರ್ಮದೆಯ ಟ್ಯಾಬ್ಲೆಟ್ಟಿನೊಳಗಿನದು. ಮೊಣಕಾಲು ನೋವಿನಿಂದ ಅವಳು ಹೊರಗೆ ಹೋಗುವುದು ಕಡಿಮೆಯಾದಾಗ ಮಂಜರಿ ಅದನ್ನು ತಂದುಕೊಟ್ಟಿದ್ದಳು. ಅದರಲ್ಲಿ ‘ಏಳು ಕೋಟೆ’ ಎಂಬ ಆಟ. ಬೇರೆ ಬೇರೆ ಊರಿನವರು ತಮ್ಮ ಮನೆಯಲ್ಲೇ ಕುಳಿತು ಐದೈದು ಜನರ ಗುಂಪು ಕಟ್ಟಿಕೊಳ್ಳುತ್ತಾರೆ. ಒಬ್ಬ ಢಾಲು ಹಿಡಿದು ಏಟು ತಡೆಯುತ್ತಾನೆ, ಒಬ್ಬ ಕತ್ತಿ ಬೀಸುತ್ತಾನೆ, ಒಬ್ಬರು ಬಾಣ ಬಿಡುತ್ತಾರೆ, ಒಬ್ಬರು ಬೆಂಕಿ ಎಸೆಯುತ್ತಾರೆ, ಒಬ್ಬರು ಎಲ್ಲರ ಗಾಯಕ್ಕೂ ಔಷಧ ಹಾಕುತ್ತಾರೆ. ಹೀಗೆ ಕೂಡಿ ಕೋಟೆಯೊಳಗಿನ ರಾಕ್ಷಸನನ್ನು ಕೊಲ್ಲಬೇಕು. ಆಡುವವರ ಮಾತು ಒಬ್ಬರದೊಬ್ಬರಿಗೆ ಕೇಳಿಸುತ್ತದೆ. ಒಂದು ದಿನ ನರ್ಮದೆ ಆ ಆಟದ ಸಂತೆಯಲ್ಲಿ ನಿಂತು, “ಇಲ್ಲೆ ಯಾರರ ಕನ್ನಡದವರು ಇದ್ದೀರೇನು?” ಎಂದು ಕೇಳಿದಳಂತೆ. ಕೊಂಢವಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ರಾಮಲಿಂಗಪ್ಪ, “ಇದ್ದೇವ್ರಿ ಅಕ್ಕಾರ, ಊಟ ಆತೇನ್ರಿ?” ಎಂದನಂತೆ. ಗುಂಪು ಹುಟ್ಟಿದ್ದು ಹಾಗೆ. ರಾಮಲಿಂಗಪ್ಪನಿಗೆ ಢಾಲು, ಅವನ ಹೆಂಡತಿ ಸಾವಂತ್ರವ್ವನಿಗೆ ಬಿಲ್ಲು. ಸಾಸವಡದ ಪೇಟೆಯಲ್ಲಿ ತರಕಾರಿ ದಲಾಲಿ ಮಾಡುವ ಅವಳ ತಮ್ಮ ಮಾಂತುವಿಗೆ ಬೆಂಕಿ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಸ್ವಪ್ನಿಲ್‌ಗೆ ಕತ್ತಿ. ಅವನ ತಂದೆ ತಾಯಿ ಬೆಳಗಾವಿಯವರು, ಅವನು ಹುಟ್ಟಿದ್ದು ಪುಣೆಯಲ್ಲೇ. ಔಷಧ ನರ್ಮದೆಯದು. ಮನೆಯಲ್ಲಿಯೂ ಔಷಧದ ಖಾತೆ ಅವಳ ಕೈಯಲ್ಲೇ ಇದ್ದದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ.

ಆ ಆಟದಲ್ಲಿ ಪ್ರತಿ ಕೋಟೆಗೂ ಎರಡು ಬಾಗಿಲು. ಸರಳ ಬಾಗಿಲಿನಿಂದ ಹೋದರೆ ಒಳಗಿನ ರಾಕ್ಷಸ ಸಾಧು ಪ್ರಾಣಿ. ಎಣ್ಣೆಗಾಯಿಗೆ ಎಳ್ಳು ಹಾಕಬೇಕೋ ಶೇಂಗಾ ಹಾಕಬೇಕೋ ಎಂದು ಚರ್ಚಿಸುತ್ತ ನಾಲ್ಕು ಏಟು ಹಾಕಿದರೂ ಸಾಯುತ್ತಾನೆ. ಕಠಿಣ ಬಾಗಿಲಿನಿಂದ ಹೋದರೆ ಅದೇ ರಾಕ್ಷಸನ ಸ್ವಭಾವವೇ ಬೇರೆ. ಒಬ್ಬರು ಹೆಜ್ಜೆ ತಪ್ಪಿದರೆ ಐವರೂ ಹೆಣ. ಗೆದ್ದರೆ ಸಿಗುವುದು ಆಟದೊಳಗಿನ ತಮ್ಮ ಮನೆಯ ಮೇಲೆ ಒಂದು ಕೆಂಪು ಬಾವುಟ. ಬೇರೆ ಏನೂ ಇಲ್ಲ.

ಆ ಬಾವುಟಕ್ಕಾಗಿ ಸ್ವಪ್ನಿಲ್ ಪ್ರಾಣ ಬಿಡುತ್ತಿದ್ದ. ರಾಮಲಿಂಗಪ್ಪನ ಮನೆಯವರಿಗೆ ಎಣ್ಣೆಗಾಯಿಯ ಹರಟೆ ಇದ್ದರೆ ಸಾಕಾಗಿತ್ತು. ಆ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಏಳನೆಯ ಕೋಟೆಯ ಮುಂದೆ ನಿಂತು ಇದೇ ಜಗಳ ನಡೆದಿತ್ತು. ನಾನು ಗ್ಯಾಲರಿಯಲ್ಲಿ ಪೇಪರು ಓದುತ್ತಿದ್ದೆ.

“ಇವತ್ತ ಕಠಿಣ ಬಾಗಲಾ. ಇಲ್ಲಾಂದ್ರ ನಾ ಬ್ಯಾರೆ ಗ್ರೂಪಿಗೆ ಹೊಕ್ಕೇನಿ,” ಎಂದ ಸ್ವಪ್ನಿಲ್.

“ಹೋಗಲ್ಲ ತಮ್ಮಾ, ಯಾರ ಹಿಡಕೊಂಡಾರ ನಿನ್ನ?” ಎಂದ ರಾಮಲಿಂಗಪ್ಪ.

“ನಿಂದರ್ರಿ,” ಎಂದಳು ನರ್ಮದೆ. “ಯಾವ ಬಾಗಲಾ ಅಂತ ನಾ ಹೇಳ್ತೇನಿ.”

ಆಮೇಲೆ ಅವಳು ಹೇಳಲಿಲ್ಲ. ಟ್ಯಾಬ್ಲೆಟ್ಟಿನಿಂದ ಸ್ವಪ್ನಿಲ್, “ಕಾಕೂ, ಹೇಳ್ರಿ ನಾ,” ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಾವಂತ್ರವ್ವನ ಧ್ವನಿ: “ಹಾಲು ಉಕ್ಕಿರಬೇಕು, ಇಳಿಸಿ ಬರ್ತಾರ, ತಡೀರಿ.” ಒಲೆಯ ಮೇಲೆ ಹಾಲು ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ನಾನು ಎದ್ದು ಒಳಗೆ ಬಂದೆ. ನರ್ಮದೆ ಕುರ್ಚಿಯಲ್ಲಿ ಒರಗಿ ಕುಳಿತಿದ್ದಳು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಕೆಳಗಿನ ಮನೆಯ ಡಾಕ್ಟರರು ಓಡಿ ಬಂದು ಕೈ ಹಿಡಿದು ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

ಅವಳ ತೊಡೆಯ ಮೇಲಿನ ಟ್ಯಾಬ್ಲೆಟ್ಟು ಇನ್ನೂ ಮಾತಾಡುತ್ತಲೇ ಇತ್ತು. ಅದನ್ನು ಹೇಗೆ ಸುಮ್ಮನಿರಿಸಬೇಕೆಂದು ನನಗೆ ತಿಳಿಯದು. ಎತ್ತಿಕೊಂಡು, “ಆಕಿ ಇನ್ನ ಬರೂದಿಲ್ಲರಿ,” ಎಂದೆ.

“ಯಾಕ ಕಾಕಾ? ನೆಟವರ್ಕ್ ಹೋತೇನು?” ಎಂದ ಸ್ವಪ್ನಿಲ್.

“ಇಲ್ಲಪ್ಪಾ. ಆಕೀನ ಹೋದಳು.”

ಸಾವಂತ್ರವ್ವ ಬಿಕ್ಕಿದ್ದು ಕೇಳಿಸಿತು. ಸಾಸವಡದಲ್ಲಿ ನೆಟ್‌ವರ್ಕ್ ದುರ್ಬಲ. ಮಾಂತುವಿನ ಮಾತು ಯಾವಾಗಲೂ ತಡವಾಗಿ, ಒಮ್ಮೊಮ್ಮೆ ನಿಮಿಷಗಟ್ಟಲೆ ತಡವಾಗಿ ಬಂದು ಮುಟ್ಟುತ್ತದೆ. ಆ ಬಿಕ್ಕಿನ ನಡುವೆ ಅವನ ಹಳೆಯ ಮಾತು ಬಂದು ಬಿತ್ತು: “ಅಕ್ಕಾರು ಸರಳ ಬಾಗಲಾನ ಅಂತಾರ, ಪಂಥಾ ಕಟ್ಟರಿ ಬೇಕಾರ!”



ಹತ್ತನೆಯ ದಿನ ನದಿಯ ಘಾಟಿಗೆ ಅವರು ನಾಲ್ವರೂ ಬಂದರು. ಮುಖದಿಂದ ಗುರುತು ಹತ್ತುವಂತಿರಲಿಲ್ಲ. ಆಟದಲ್ಲಿ ಗುಡ್ಡದಂತೆ ನಿಲ್ಲುತ್ತಿದ್ದ ಢಾಲಿನ ವೀರ ರಾಮಲಿಂಗಪ್ಪ ನನ್ನ ಭುಜಕ್ಕೂ ಬಾರದ ತೆಳ್ಳನೆಯ ಮನುಷ್ಯ. ವಿಭೂತಿ ಹಚ್ಚಿಕೊಂಡು ಕೈ ಮುಗಿದು ನಿಂತಿದ್ದ. ಸ್ವಪ್ನಿಲ್ ಕಚೇರಿಯ ಗುರುತಿನ ಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬಂದಿದ್ದ. ಬಾಯಿ ತೆರೆದಾಗ ಮಾತ್ರ ಯಾರು ಯಾರೆಂದು ತಿಳಿಯಿತು.

ನಾನೇ ಕರ್ತೃವಾಗಿ ಪಿಂಡ ಇಟ್ಟೆ. ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆ ಬಂದು ಪಿಂಡ ಮುಟ್ಟಿದರೆ ಹೋದ ಜೀವಕ್ಕೆ ಯಾವ ಆಸೆಯೂ ಉಳಿದಿಲ್ಲವೆಂದು ಅರ್ಥ. ಮುಟ್ಟದಿದ್ದರೆ ಏನೋ ಉಳಿದಿದೆ. ಹತ್ತಿರದವರು ಅದನ್ನು ನಡೆಸಿಕೊಡುವುದಾಗಿ ಮಾತು ಕೊಡಬೇಕು. ಬೇವಿನ ಗಿಡದಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಪಕ್ಕದ ಪಿಂಡಗಳೆಲ್ಲ ಮುಗಿದುಹೋದವು. ನಮ್ಮ ಪಿಂಡದ ಕಡೆಗೆ ಒಂದೂ ತಿರುಗಿ ನೋಡಲಿಲ್ಲ.

“ನಿನ್ನ ಮಗಳ ಚಿಂತಿ ಮಾಡಬ್ಯಾಡ, ನಾ ಇದ್ದೇನಿ,” ಎಂದೆ ನಾನು. ಕಾಗೆ ಕದಲಲಿಲ್ಲ.

“ಅಪ್ಪನ ಬಿಪಿ ಗುಳಿಗಿ ನಾನ ನೋಡ್ಕೋತೇನಿ ಅವ್ವಾ,” ಎಂದಳು ಮಂಜರಿ. ಕಾಗೆ ರೆಕ್ಕೆ ಕೊಡವಿ ಬೆನ್ನು ತಿರುಗಿಸಿ ಕುಳಿತಿತು.

ಕೊನೆಗೆ ನರ್ಮದೆಯ ತಂಗಿ ಸಣ್ಣ ದನಿಯಲ್ಲಿ, “ಅಕ್ಕಾ, ಆ ಇಳಕಲ್ ಸೀರಿ ನಾ ವಾಪಸ್ ಕೊಡ್ತೇನಿ,” ಎಂದಳು.

“ಯಾವ ಸೀರಿ ಮಾಂಶಿ?” ಎಂದು ಮಂಜರಿ ಥಟ್ಟನೆ ತಿರುಗಿದಳು. ಅವಳು ಎರಡು ವರ್ಷ ಕಪಾಟು ಕಪಾಟು ಹುಡುಕಿದ ಸೀರೆ ಅದು. ಆದರೂ ಕಾಗೆ ಬರಲಿಲ್ಲ.

ನಮ್ಮ ಆಚಾರ್ಯರಿಗೆ ಅವಸರ. ಮುಂದಿನ ಸರತಿಯವರು ಪಿಂಡದ ತಟ್ಟೆ ಹಿಡಿದು ನಿಂತಿದ್ದರು. “ರಾಯರ, ಬಿಸಲು ಏರಿತು. ದರ್ಭೆಯ ಕಾಗಿ ಮಾಡಿ ಮುಟ್ಟಿಸಿಬಿಡೋಣ. ಶಾಸ್ತ್ರದೊಳಗ ಅವಕಾಶ ಅದ,” ಎನ್ನುತ್ತ ದರ್ಭೆಗೆ ಗಂಟು ಹಾಕತೊಡಗಿದರು.

ಇದನ್ನು ಕಂಡು ಹಿಂದೆ ನಿಂತಿದ್ದ ಸ್ವಪ್ನಿಲ್ ತಡೆಯಲಾರದೆ ಮುಂದೆ ಬಂದು, “ಕಾಕೂ! ಏಳನೇ ಕೋಟಿ ಕಠಿಣ ಬಾಗಲಾದಿಂದನ ಗೆಲ್ತೇವಿ!” ಎಂದು ಕೂಗಿದ. ಅದೇ ಉಸಿರಿನಲ್ಲಿ ಸಾವಂತ್ರವ್ವ, “ಅಕ್ಕಾರ, ಇನ್ನ ಯಾರೂ ಯಾರಿಗೂ ಬಯ್ಯೂದಿಲ್ಲರಿ, ನಕ್ಕೋತ ಆಡ್ತೇವ್ರಿ!” ಎಂದು ಅತ್ತಳು.

ಕಾಗೆ ಗಿಡದಿಂದ ಬಾಣದ ಹಾಗೆ ಇಳಿಯಿತು. ಒಂದಲ್ಲ, ಮೂರು.

ಎಲ್ಲರ ಕಣ್ಣಲ್ಲೂ ನೀರು ಬಂತು. ಆ ನೀರು ಆರುವ ಮೊದಲೇ ಸ್ವಪ್ನಿಲ್, “ನೋಡಿದ್ರಿಲ್ಲೋ? ಕಠಿಣ ಬಾಗಲಾ ಅಂದಕೂಡ್ಲೇ ಬಂತು,” ಎಂದ.

“ಏ, ನಕ್ಕೋತ ಅಂದಮ್ಯಾಗ ಬಂದದ್ದು. ನಾ ಕಣ್ಣಾರೆ ನೋಡೇನಿ,” ಎಂದಳು ಸಾವಂತ್ರವ್ವ.

“ಕಾಗಿ ಹಾರಿದ್ದು ನನ್ನ ಮಾತಿಗಿ.”

“ಹಾರಿದ್ದು ನಿನ್ನ ಮಾತಿಗಿರಬೇಕು, ಕುಂತದ್ದು ನನ್ನ ಮಾತಿಗಿ!”

ಇದು ನಗುವ ಸಂಗತಿಯೆಂದು ಓದುವವರಿಗೆ ಅನಿಸಬಹುದು. ನನಗೆ ಅನಿಸಲಿಲ್ಲ. ನರ್ಮದೆ ಕೊನೆಯದಾಗಿ ಹೇಳಬೇಕೆಂದಿದ್ದ ಮಾತು ಹೇಳದೆ ಹೋದಳು. ಅವಳ ಆಸೆ ಈ ಎರಡರಲ್ಲಿ ಒಂದು. ಯಾವುದೆಂದು ತಿಳಿಯದೆ ತಪ್ಪಿದರೆ ಅವಳ ದಾರಿಗೆ ನಾವೇ ಅಡ್ಡ ನಿಂತಂತಾಗುತ್ತದೆ. ನಾನು ಆಚಾರ್ಯರನ್ನು ಕೇಳಿದೆ. ಅವರು ಬಿಚ್ಚಿದ ದರ್ಭೆಯನ್ನು ನದಿಗೆ ಬಿಟ್ಟು ಸ್ವಲ್ಪ ಯೋಚಿಸಿದರು.

“ಸಂಶಯ ಬಂದ್ರ ಎರಡೂ ಮಾಡೂದು. ಕಠಿಣ ಬಾಗಲಾದಿಂದನ ಗೆಲ್ಲೂದು, ಒಬ್ಬರೂ ಒಬ್ಬರಿಗೆ ಬಯ್ಯದ, ನಕ್ಕೋತ. ಮೊದಲನೇ ಮಾಸಿಕದೊಳಗ ಮುಗಸ್ರಿ.”

“ಔಷಧಾ ಹಾಕವರು ಯಾರ್ರಿ ಆಚಾರ್ಯರ? ಅದು ಅಕ್ಕಾರ ಪಾತ್ರ ಅದ,” ಎಂದ ರಾಮಲಿಂಗಪ್ಪ.

“ಇಲ್ಲೆ ಕರ್ತೃ ಯಾರು? ಪ್ರಲ್ಹಾದರಾಯರು. ಹಂಗಂದ್ರ ಅಲ್ಲೆನೂ ಅವರ.”

ನೀರಾವರಿ ಇಲಾಖೆಯಿಂದ ನಿವೃತ್ತನಾದ ನಾನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ರಾಕ್ಷಸಸಂಹಾರಕ್ಕೆ ನೇಮಕವಾದದ್ದು ಹೀಗೆ.

ಹದಿಮೂರನೆಯ ದಿನದ ಶುಭಸ್ವೀಕಾರ ಮುಗಿದ ಮೇಲಿನ ಭಾನುವಾರ ಎಲ್ಲರೂ ನಮ್ಮ ಮನೆಗೆ ಬಂದರು. ನನಗೆ ಕಲಿಸಬೇಕಾಗಿತ್ತಲ್ಲ. ನಾನು ಸ್ನಾನ ಮಾಡಿ, ಮಣೆ ಹಾಕಿಕೊಂಡು, ಪೂರ್ವಕ್ಕೆ ಮುಖ ಮಾಡಿ ಕುಳಿತೆ.

“ಕಾಕಾ, ಪೂರ್ವಕ್ಕ ಕುಂತ್ರ ವೈಫೈ ಬರೂದಿಲ್ಲ,” ಎಂದ ಸ್ವಪ್ನಿಲ್. ಉತ್ತರಕ್ಕೆ ತಿರುಗಿದೆ. ಅದಕ್ಕೂ ಶಾಸ್ತ್ರದಲ್ಲಿ ಅಡ್ಡಿಯಿಲ್ಲ.

ಮಂಜರಿ ಟ್ಯಾಬ್ಲೆಟ್ಟು ತೆರೆದುಕೊಟ್ಟಳು. ಏಳನೆಯ ಕೋಟೆಯ ಮುಂದೆ ಹಸಿರು ಸೀರೆ ಉಟ್ಟ ಹೆಣ್ಣುಮಗಳೊಬ್ಬಳು ಕೈಯಲ್ಲಿ ಔಷಧದ ತಂಬಿಗೆ ಹಿಡಿದು ನಿಂತಿದ್ದಳು. ನರ್ಮದೆ ಅವಳನ್ನು ಎಲ್ಲಿ ನಿಲ್ಲಿಸಿ ಹೋಗಿದ್ದಳೋ ಅಲ್ಲಿಯೇ. ಗಾಳಿಗೆ ಸೆರಗು ಅಲುಗುತ್ತಿತ್ತು. ಯಾವ ಬಾಗಿಲೆಂದು ಯಾರಾದರೂ ಹೇಳಲಿ ಎಂದು ಕಾದಂತಿತ್ತು. ನನಗೆ ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಸ್ವಪ್ನಿಲ್ ಕೂಡ ಕಿಟಕಿಯ ಹೊರಗೆ ನೋಡುತ್ತ ಕುಳಿತ.

ಆಮೇಲೆ ಪಾಠ ಆರಂಭವಾಯಿತು. ಪರದೆಯ ಬದಿಗೆ ಐದು ಹಸಿರು ಪಟ್ಟಿಗಳಿವೆ, ಒಬ್ಬೊಬ್ಬರ ಜೀವ ಒಂದೊಂದು. ಏಟು ಬಿದ್ದಂತೆ ಪಟ್ಟಿ ಗಿಡ್ಡವಾಗುತ್ತದೆ. ಯಾರ ಪಟ್ಟಿಯನ್ನು ಬೆರಳಿನಿಂದ ಮುಟ್ಟುತ್ತೇನೋ ಅವರಿಗೆ ಔಷಧ. ತಂಬಿಗೆಯಲ್ಲಿ ಔಷಧ ತುಂಬುವುದು ಸಾವಕಾಶ. ಇಷ್ಟೇ ತಾನೇ ಎಂದುಕೊಂಡೆ. ಮಠದಲ್ಲಿ ತೀರ್ಥ ಕೊಟ್ಟು ಅಭ್ಯಾಸವಿದ್ದ ಕೈ.

ಕಠಿಣ ಬಾಗಿಲು ತೆರೆಯಿತು. ಒಳಗೆ ಶಿಲಾಸುರನೆಂಬವನು ಬಂಡೆಗಳನ್ನು ಕೂಡಿಸಿ ಮಾಡಿದಂತಿದ್ದ. ನಾನು ವಿಠ್ಠಲನ ನಾಮ ಹೇಳಿ ಹಿರಿಯನಾದ ರಾಮಲಿಂಗಪ್ಪನಿಗೆ ಮೊದಲು ಔಷಧ ಕೊಟ್ಟೆ. ಆಮೇಲೆ ಸಾವಂತ್ರವ್ವನಿಗೆ. ಆಮೇಲೆ ಮಾಂತುವಿಗೆ. ಸ್ವಪ್ನಿಲ್ ಎಲ್ಲರಿಗಿಂತ ಚಿಕ್ಕವನು.

“ಕಾಕಾ, ನನಗ ಔಷಧಾ! ಸಾಯಾಕ ಹತ್ತೇನಿ!”

“ಬರ್ತದಪ್ಪಾ, ಸರತಿ ಬರಲಿ.”

“ರಾಯರ, ನನಗ ಏನೂ ಆಗಿಲ್ಲರಿ, ನನಗ ಸಾಕ್ರಿ,” ಎಂದ ರಾಮಲಿಂಗಪ್ಪ.

“ಇರಲಿ ತಗೋರಿ, ಹಿರೇರು ನೀವು.”

ಸ್ವಪ್ನಿಲ್ ಸತ್ತ. ಅವನ ಹಿಂದೆ ಮಾಂತು ಸತ್ತ. ಆಮೇಲೆ ಹಿರಿತನದ ಕ್ರಮಕ್ಕೆ ಸರಿಯಾಗಿ ತಿರುವುಮುರುವಾಗಿ ಎಲ್ಲರೂ ಸತ್ತೆವು. ಸ್ವಪ್ನಿಲ್‌ನ ಮುಖ ಕೆಂಪಾಯಿತು, ಬಾಯಿ ತೆರೆಯಿತು. ಸಾವಂತ್ರವ್ವ ಒಂದು ಬೆರಳೆತ್ತಿ, “ಹರಕಿ,” ಎಂದಳು.

ಅವನು ಬಾಯಿ ಮುಚ್ಚಿ, ಉಗುಳು ನುಂಗಿ, ಕಷ್ಟದಿಂದ ನಕ್ಕು, “ಕಾಕಾ, ಭಾಳ ಛಂದ ಕೊಂದ್ರಿ ನನ್ನ. ಆಭಾರಿ ಆಗೇನಿ,” ಎಂದ.

ಮುಂದಿನ ಎರಡು ವಾರ ಅವರವರ ಜಾಗದಿಂದಲೇ ದಿನವೂ ನಾಲ್ಕು ಗಂಟೆಗೆ ಆಡಿದೆವು. ಬಯ್ಯಬಾರದೆಂಬ ನಿಯಮದಿಂದಾಗಿ ಸ್ವಪ್ನಿಲ್‌ನ ಭಾಷೆ ಬಹಳ ಸುಧಾರಿಸಿತು. “ಮಾಂತಣ್ಣಾ, ತಾವು ಬೆಂಕಿ ಒಗದದ್ದು ಭಾಳ ಛಲೋ ಆತು, ರಾಕ್ಷಸ ಇದ್ದ ಕಡೆ ಒಗದಿದ್ದರ ಇನ್ನೂ ಛಲೋ ಆಗ್ತಿತ್ತು,” ಎನ್ನುವನು. ನಾವು ಸತ್ತು ಮತ್ತೆ ಬಾಗಿಲ ಮುಂದೆ ಬಂದು ನಿಂತ ಮೇಲೆ ಸಾಸವಡದಿಂದ ಉತ್ತರ ಬರುವುದು: “ಈಗ ಒಗೀಲೇನು?”

ರಾಮಲಿಂಗಪ್ಪನ ತೊಂದರೆ ಬೇರೆ. ಯುದ್ಧದ ನಡುವೆ ಗಿರಾಕಿ ಬಂದರೆ ಢಾಲು ಕೆಳಗಿಟ್ಟು, “ಬಂದ್ನಿರಿ, ಎರಡ ಮಿನಿಟ,” ಎಂದು ಎದ್ದು ಹೋಗುವನು. ನಮಗೆ ಕೇಳಿಸುತ್ತಿದ್ದುದು ಮೊಳೆ ತೂಗುವ ಸದ್ದು. ಅವನು ತಿರುಗಿ ಬರುವಷ್ಟರಲ್ಲಿ ನಾವೆಲ್ಲ ಚಟ್ನಿ. ಒಂದು ದಿನ ಸ್ವಪ್ನಿಲ್ ನಿಯಮ ಮಾಡಿದ: ಆಡುವ ತಾಸಿನಲ್ಲಿ ಗಿರಾಕಿ ಇಲ್ಲ, ಚಹಾ ಇಲ್ಲ, ಅಡಿಗೆಯ ಮಾತು ಇಲ್ಲ.

“ಇದು ಆಟ ಏನು ಕಚೇರಿ ಏನ್ ತಮ್ಮಾ?” ಎಂದ ರಾಮಲಿಂಗಪ್ಪ. ಬಯ್ಯಲಿಲ್ಲ, ಆದರೆ ದನಿ ನೊಂದಿತ್ತು. “ಮುಂಜಾನಿಂದ ಸಂಜಿತನಕ ನಂದು ಬರೇ ಪೂರಾ ಮಾಡೂ ಕೆಲಸ. ಒಂದು ಮೊಳಿ ಕಮ್ಮಿ ಬಿದ್ರ ಗಿರಾಕಿ ತಿರುಗಿ ಬರ್ತಾನ. ಒಂದ ತಾಸರ ಅರ್ಧಾ ಬಿಟ್ಟರ ನಡೀತದ ಅನ್ನೂ ಜಾಗಾ ಬೇಕಲ್ಲೋ ಮನಷ್ಯಾಗ? ಅಕ್ಕಾರು ಇದ್ದಾಗ ಇತ್ತು.”

“ನನಗ ತಿರುವುಮುರುವು ಅದ ಮಾಮಾ,” ಎಂದ ಸ್ವಪ್ನಿಲ್. ಅವನೂ ಮೊದಲ ಬಾರಿ ಸಾವಕಾಶವಾಗಿ ಮಾತಾಡಿದ. “ಕಚೇರಿಯೊಳಗ ನಾ ಮಾಡಿದ್ದು ಯಾವದೂ ಪೂರಾ ಆಗಿದ್ದು ನಾ ನೋಡಿಲ್ಲ. ನನ್ನ ಟೇಬಲ್ಲಿನಿಂದ ಮುಂದಿನ ಟೇಬಲ್ಲಿಗೆ ಹೋಗ್ತದ, ಅಲ್ಲಿಂದ ಎಲ್ಲಿ ಹೋಗ್ತದೋ. ಒಂದರ ಕೆಲಸಾ ಸುರುವಾಗಿ, ಗಟ್ಟಿ ಆಗಿ, ಮುಗದದ್ದು ನೋಡಬೇಕು ಅನಸ್ತದ. ಕಾಕೂಗ ಇದು ಗೊತ್ತಿತ್ತು.”

ನರ್ಮದೆ ದಿನವೂ ಈ ಇಬ್ಬರ ನಡುವೆ ಕುಳಿತಿರುತ್ತಿದ್ದಳು. ಒಬ್ಬನಿಗೆ ನೆರಳು ಬೇಕು, ಒಬ್ಬನಿಗೆ ಗುಡ್ಡ ಬೇಕು. ಯಾರ ಕೇಳಿಕೆಯೂ ತಪ್ಪಲ್ಲ. ಅವಳು ಯಾವ ಬಾಗಿಲು ಹೇಳಬೇಕೆಂದಿದ್ದಳೋ ಎಂದು ನಾನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದರೂ, ಅವಳು ಬಾಯಿ ತೆರೆಯುವ ಮೊದಲು ಏನು ಹೇಳುವಳೆಂದು ನನಗೆ ಒಂದು ದಿನವೂ ಗೊತ್ತಾದದ್ದಿಲ್ಲ.

ನನ್ನ ಔಷಧದ ಪದ್ಧತಿ ತಿದ್ದಿದವಳು ಸಾವಂತ್ರವ್ವ. “ರಾಯರ, ನೀವು ತೀರ್ಥಾ ಕೊಟ್ಟಂಗ ಕೊಡ್ತೀರಿ. ಅಕ್ಕಾರು ಹಂಗ ಮಾಡ್ತಿದ್ದಿಲ್ಲ. ಅವರು ಪಂಕ್ತಿಯೊಳಗ ಬಡಿಸಿದಂಗ ಮಾಡ್ತಿದ್ರು. ಯಾರ ಎಲಿ ಖಾಲಿ ಆಗೇದ ಅಷ್ಟ ನೋಡ್ರಿ. ಯಾರು ಹಿರೇರು, ಯಾರು ಕಿರೇರು, ಕೇಳಬ್ಯಾಡ್ರಿ.”

ಮಠದ ಆರಾಧನೆಯಲ್ಲಿ ಸಾರಿನ ಬಕೆಟು ಹಿಡಿದು ಓಡಾಡಿದವನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸಿರು ಪಟ್ಟಿಗಳು ಎಲೆಗಳಾದವು. ಸ್ವಪ್ನಿಲ್ ಗಬಗಬ ಉಣ್ಣುವ ಹುಡುಗ. ಅವನ ಎಲೆಯ ಮೇಲೆ ಸದಾ ಕಣ್ಣಿರಬೇಕು. ರಾಮಲಿಂಗಪ್ಪನದು ಸಾವಕಾಶದ ಊಟ. ಮಾಂತು ಬೇಡ ಬೇಡ ಎನ್ನುತ್ತಲೇ ಎಲ್ಲ ಖಾಲಿ ಮಾಡುವವನು. ಆ ದಿನ ನಾವು ಮೊದಲ ಬಾರಿಗೆ ಶಿಲಾಸುರನ ಅರ್ಧ ಜೀವ ತೆಗೆದೆವು. ನಾನು ಮರೆತು, “ಇನ್ನೊಂದ್ಸ್ವಲ್ಪ ಹಾಕಲೇನು?” ಎಂದು ಸ್ವಪ್ನಿಲ್‌ನನ್ನು ಕೇಳಿದೆ. ಅವನು, “ಸಾಕ್ರಿ ಕಾಕಾ, ಹೊಟ್ಟಿ ತುಂಬೇದ,” ಎಂದ. ನಕ್ಕೋತ ಆಡುವ ಹರಕೆ ತೀರುವ ಲಕ್ಷಣ ಕಾಣತೊಡಗಿತು.

ಆದರೆ ಅರ್ಧಕ್ಕಿಂತ ಮುಂದೆ ಹೋಗಲಾಗಲಿಲ್ಲ. ದಿನಗಳು ಸರಿದವು. ಮಾಸಿಕದ ಹಿಂದಿನ ದಿನ ಬಂದೇ ಬಂತು. ಮಂಜರಿ ಅಡಿಗೆಗೆ ಬೇಕಾದ ಸಾಮಾನು ತಂದಿಟ್ಟಳು. ಆಚಾರ್ಯರು ಫೋನು ಮಾಡಿ, “ಆತೇನ್ರಿ ರಾಯರ?” ಎಂದು ಕೇಳಿದರು. ಆಗಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಇವತ್ತು ಸಂಜೆಯೊಳಗೆ ಎಂದು ಹೇಳಿ ಇಟ್ಟೆ.

ನಾಲ್ಕು ಗಂಟೆಗೆ ಐವರೂ ಕೂಡಿದೆವು. ಯಾರೂ ಅಡಿಗೆಯ ಮಾತು ತೆಗೆಯಲಿಲ್ಲ. ರಾಮಲಿಂಗಪ್ಪ ತಾನಾಗಿಯೇ, “ಅಂಗಡಿ ಅರ್ಧಾ ಬಾಗಲಾ ಇಳಿಸೇನಿ,” ಎಂದ. ಸ್ವಪ್ನಿಲ್ ಕೂಡ, “ಚಹಾ ಕುಡಕೋತ ಆಡ್ರಿ ಮಾಮಾ, ಏನಾಗೂದಿಲ್ಲ,” ಎಂದ. ಇಷ್ಟು ಸೌಜನ್ಯ ಕೇಳಿ ನನಗೆ ಭಯವಾಯಿತು.

ಒಳಗೆ ಹೋದೆವು. ಶಿಲಾಸುರ ನೆಲ ಗುದ್ದಿದ, ಸರಿದೆವು. ಬಂಡೆ ಎಸೆದ, ರಾಮಲಿಂಗಪ್ಪ ಢಾಲಿನಲ್ಲಿ ಹಿಡಿದ. ಮಾಂತುವಿನ ಬೆಂಕಿ ತಡವಾಗಿ ಬರುವುದೆಂದು ಅರಿತು ಸ್ವಪ್ನಿಲ್ ಅವನಿಗೆ ಮುಂಚಿತವಾಗಿಯೇ, “ಈಗ ಒಗೀರಿ,” ಎನ್ನುತ್ತಿದ್ದ. ಬೆಂಕಿ ಸರಿಯಾದ ಹೊತ್ತಿಗೆ ಬಂದು ಬೀಳುತ್ತಿತ್ತು. ನಾನು ಎಲೆಯಿಂದ ಎಲೆಗೆ ಓಡುತ್ತಿದ್ದೆ. ರಾಕ್ಷಸನ ಜೀವ ಅರ್ಧಕ್ಕೆ ಬಂತು, ಕಾಲು ಭಾಗಕ್ಕೆ ಬಂತು, ಒಂದು ಬೆರಳಿನಷ್ಟು ಉಳಿಯಿತು. ನನ್ನ ತಂಬಿಗೆ ಬರಿದು. ಕೊನೆಯ ದೊಡ್ಡ ಏಟಿಗೆ ಅವನು ಎರಡೂ ಕೈ ಎತ್ತಿದ. ಅದನ್ನು ತಡೆಯಲು ಢಾಲೊಂದೇ ದಾರಿ.

ಆಗ ಅರ್ಧ ಇಳಿಸಿದ ಬಾಗಿಲಿನ ಕೆಳಗಿನಿಂದ ಒಂದು ಮರಾಠಿ ಧ್ವನಿ ಕೇಳಿಸಿತು. “ಕಾಕಾ, ಅರ್ಧಾ ಇಂಚೀ ಸ್ಕ್ರೂ ಆಹೇತ ಕಾ?” ಅರ್ಧ ಇಂಚಿನ ಸ್ಕ್ರೂ ಇವೆಯೇ ಎಂದು ಗಿರಾಕಿಯ ಪ್ರಶ್ನೆ.

“ಆಹೇತ, ಆಹೇತ,” ಎನ್ನುತ್ತ ರಾಮಲಿಂಗಪ್ಪ ಅಭ್ಯಾಸಬಲದಿಂದ ಎದ್ದ. ಅವನ ಕುರ್ಚಿ ಕಿರ್ರೆಂದಿತು. ಢಾಲು ಕೆಳಗೆ ಬಂತು.

“ಏ ನಿನ್ನ ಸ್ಕ್ರೂಕ್ಕ ಬೆಂಕಿ ಹಚ್ಚಲಿ, ಮುದಿಕೋಣಾ!” ಎಂದು ಸಾವಂತ್ರವ್ವ ಚೀರಿದಳು. ಅವಳು ಅಂಗಡಿಯ ಹಿಂದಿನ ಖೋಲಿಯಲ್ಲಿದ್ದಳು. ಮಾತು ಟ್ಯಾಬ್ಲೆಟ್ಟಿನಲ್ಲಿ ಅವಳ ಕಡೆಯಿಂದ ಒಮ್ಮೆ, ರಾಮಲಿಂಗಪ್ಪನ ಕಡೆಯಿಂದ ಇನ್ನೊಮ್ಮೆ ಕೇಳಿಸಿತು. “ಕುಂಡಿ ಊರಿ ಕುಂಡ್ರಾಕ ಬರೂದಿಲ್ಲೇನ ನಿನಗ? ರಾಕ್ಷಸ ಎದಿ ಮ್ಯಾಲೆ ನಿಂತಾನ, ಇಂವಾ ಸ್ಕ್ರೂ ತೂಗಾಕ ಹೊಂಟಾನ! ಢಾಲ ಹಿಡಿ ಮೊದಲ, ಹಿಡೀ!”

ಕುರ್ಚಿ ಮತ್ತೆ ಕಿರ್ರೆಂದಿತು. ಢಾಲು ಮೇಲೆ ಬಂತು. ಶಿಲಾಸುರನ ಏಟು ಅದರ ಮೇಲೆ ಬಿದ್ದು ಸಿಡಿಯಿತು. ಸ್ವಪ್ನಿಲ್ ಒಂದೇ ನೆಗೆತಕ್ಕೆ ಕತ್ತಿ ಇಳಿಸಿದ. ಬಂಡೆಗಳೆಲ್ಲ ಒಂದೊಂದಾಗಿ ಉರುಳಿ ಬಿದ್ದವು.

“ವಹಿನೀ, ಮೀ ಉದ್ಯಾ ಯೇತೋ,” ನಾಳೆ ಬರುತ್ತೇನೆ ಎಂದು ಗಿರಾಕಿ ಹೇಳಿದ್ದು ಕೇಳಿಸಿತು. ಅವನ ಹೆಜ್ಜೆ ಓಡಿದಂತೆ ಕೇಳಿಸಿತು.

ಮೊದಲು ಸ್ವಪ್ನಿಲ್ ನಕ್ಕ. ಆಮೇಲೆ ರಾಮಲಿಂಗಪ್ಪ ಕೆಮ್ಮು ಬರುವವರೆಗೆ ನಕ್ಕ. ನಾವೆಲ್ಲ ನಕ್ಕು ಮುಗಿಸಿದ ಮೇಲೆ ಸಾಸವಡದಿಂದ ಮಾಂತು ನಕ್ಕದ್ದು ಬಂತು. ಆಟದೊಳಗಿನ ನಮ್ಮ ಮನೆಯ ಮೇಲೆ ಕೆಂಪು ಬಾವುಟ ಏರಿತು. ಹಸಿರು ಸೀರೆಯವಳು ಅದರ ಕೆಳಗೆ ನಿಂತಿದ್ದಳು.

ಸಾವಂತ್ರವ್ವ ಮಾತ್ರ ನಗಲಿಲ್ಲ. ಅವಳು ಅಳುತ್ತಿದ್ದಳು. “ಹರಕಿ ಮುರೀತ್ರಿ ರಾಯರ. ಹೊತ್ತಾಕೀನ ನಾನ, ಮುರದಾಕೀನೂ ನಾನ. ನಾಳಿ ಮಾಸಿಕ. ಅಕ್ಕಾರ ದಾರಿಗೆ ನಾ ಮುಳ್ಳಾದ್ನಲ್ರಿ.”

ಎಲ್ಲರ ನಗೆ ನಿಂತಿತು. ಇನ್ನೊಮ್ಮೆ ಆಡೋಣವೇ ಎಂದು ಸ್ವಪ್ನಿಲ್ ಮೆಲ್ಲಗೆ ಕೇಳಿದ. ಯಾರಿಗೂ ಶಕ್ತಿ ಉಳಿದಿರಲಿಲ್ಲ. ಎಲ್ಲರೂ ನಾನು ಏನು ಹೇಳುವೆನೆಂದು ಕಾಯುತ್ತಿದ್ದರು. ಕರ್ತೃ ನಾನಲ್ಲವೇ?

ಆಚಾರ್ಯರಿಗೆ ಫೋನು ಮಾಡಬಹುದಾಗಿತ್ತು. ಆದರೆ ಇದರಲ್ಲಿ ಅವರಿಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎನಿಸಿತು.

“ಸಾವಂತ್ರವ್ವಾ, ಕಣ್ಣ ಒರಸಿಕೋರಿ,” ಎಂದೆ. “ಬೈಗಳಾ ಅಂದ್ರ ಏನಂತ ನನಗ ಗೊತ್ತದ. ಇಲಾಖೆಯೊಳಗ ಸಾಹೇಬರ ಕಡಿಂದ ತಿಂದೇನಿ. ಅದು ಮನುಷ್ಯಾನ್ನ ಸಣ್ಣವನ್ನ ಮಾಡ್ತದ. ಹೆಂಡ್ತಿ ಗಂಡಗ ಅಂದದ್ದು ಆ ಜಾತೀದಲ್ಲ. ನರ್ಮದಾ ಇದೇ ಕುರ್ಚಿಮ್ಯಾಲೆ ಕುಂತು ನನಗ ಏನೇನು ಅನ್ನಾಕಿ, ಸ್ನಾನಕ್ಕ ತಡಾ ಆದ್ರ, ಗುಳಿಗಿ ಮರತ್ರ, ಬಜಾರದಿಂದ ಕೊಳತ ಬೆಂಡಿಕಾಯಿ ತಂದ್ರ. ಒಂದು ತಿಂಗಳಾತು, ಮುಂಜಾನಿಂದ ಸಂಜಿತನಕ ನನಗ ಒಬ್ಬರೂ ಏನೂ ಅನ್ನೂದಿಲ್ಲ. ಎಲ್ಲಾರೂ ಭಾಳ ಮರ್ಯಾದಿಲೆ ಮಾತಾಡ್ತಾರ. ಅದರ ಭಾರ ನಿಮಗ ಗೊತ್ತಾಗಬಾರದು. ಆಕಿ ಇವತ್ತ ಇಲ್ಲೆ ಇದ್ದಿದ್ರ, ರಾಮಲಿಂಗಪ್ಪನವರು ಎದ್ದಾಗ ನಿಮಕಿಂತ ಮೊದಲ ಆಕೀನ ಚೀರ್ತಿದ್ದಳು. ಇನ್ನ ನಕ್ಕೋತ ಅಂದಿದ್ರಿ. ನಕ್ಕಿಲ್ಲೇನು? ನಾ ನಕ್ಕೆ. ಆಕಿ ಹೋದಮ್ಯಾಲೆ ಇವತ್ತ ನಕ್ಕೆ.”

ಅದು ನಿಜವೆಂದು ನನಗೂ ತಿಳಿದದ್ದು ಬಾಯಿಂದ ಹೊರಬಿದ್ದ ಮೇಲೆಯೇ.

ರಾಮಲಿಂಗಪ್ಪ, “ರಾಯರು ಹೇಳಿದ್ದು ಖರೇ ಅದ. ಆಕಿ ನನಗ ಮುದಿಕೋಣಾ ಅನ್ನಲಾರದ ಇಪ್ಪತ್ತ ದಿನಾ ಆಗಿತ್ರಿ. ನನಗೂ ಅಂಗಡ್ಯಾಗ ಮನಸ ಹತ್ತಿದ್ದಿಲ್ಲ,” ಎಂದ.

“ಸುಮ್ಮನಿರ್ರಿ, ಇಲ್ಲಾಂದ್ರ ಮತ್ತ ಅಂತೇನಿ,” ಎಂದಳು ಸಾವಂತ್ರವ್ವ. ಅಳುವ ಧ್ವನಿಯಲ್ಲೇ ಸ್ವಲ್ಪ ನಗೆ ಇತ್ತು.

“ಕಾಕಾ,” ಎಂದ ಸ್ವಪ್ನಿಲ್, “ನಾಳಿ ಮಾಸಿಕ, ನಾಡದು ನೀವು ಬರ್ತೀರಿಲ್ಲ? ಸರಳ ಬಾಗಲಾದಿಂದ ಹೋಗೋಣು. ಆ ಎಣ್ಣಿಗಾಯಿದು ಇನ್ನೂ ತೀರ್ಮಾನ ಆಗಿಲ್ಲ.”

ಬರುತ್ತೇನೆ ಎಂದೆ. ಎಳ್ಳೇ ಹಾಕಬೇಕೆಂಬುದು ನರ್ಮದೆಯ ಮತವೆಂದೂ ತಿಳಿಸಿದೆ.

ಮರುದಿನ ಮಾಸಿಕ ಸಾಂಗವಾಗಿ ನಡೆಯಿತು. ಅವರು ನಾಲ್ವರೂ ಬಂದು ಊಟಕ್ಕೆ ಕುಳಿತರು, ನಾನೇ ಬಡಿಸಿದೆ. ಎಲ್ಲರೂ ಹೋದ ಮೇಲೆ ದೇವರ ಮುಂದೆ ದೀಪ ಹಚ್ಚಿ ಕುಳಿತೆ. ಸಂಸ್ಕೃತದ ಮಂತ್ರಗಳು ಬೆಳಿಗ್ಗೆಯೇ ಮುಗಿದಿದ್ದವು. ಹೇಳುವುದು ಇನ್ನೂ ಇತ್ತು. ಆಡುವ ಮಾತಿನಲ್ಲಿಯೇ ಹೇಳಿದೆ.

ವಿಠ್ಠಲಾ, ನಮಗೆ ತಿಳಿದ ಮಟ್ಟಿಗೆ ಅವಳ ಮಾತು ನಡೆಸಿದ್ದೇವೆ. ತಪ್ಪಿದ್ದರೆ ತಪ್ಪು ನಮ್ಮದು, ಅದನ್ನು ಅವಳ ಮೇಲೆ ಹಾಕಬೇಡ. ಮೊಣಕಾಲಿನ ನೋವು ಅವಳಿಗೆ ಅಲ್ಲಿ ಇರದಿರಲಿ. ಯಾವ ಬಾಗಿಲಿನಿಂದ ಬಂದಿದ್ದರೂ ಒಳಗೆ ಕರೆದುಕೋ. ಎಲ್ಲರ ಎಲೆ ನೋಡಿ ದಣಿದ ಜೀವ ಅದು. ಅವಳನ್ನು ನಿನ್ನ ಪಾದದ ಬಳಿ ಕೂಡ್ರಿಸಿ, ಇನ್ನು ಮುಂದೆ ನೀನೇ ಬಡಿಸು. ನರ್ಮದೆಯ ಆತ್ಮಕ್ಕೆ ಶಾಂತಿ ಇರಲಿ.